ಕಂಬಳಿ ಹೇಳಿಬಿಟ್ಟ ಹೆಸರು

ಹೆಣ್ಣುಮಕ್ಕಳ ಕೈಗೆ ಫೋನು ಬಂದ ಮೇಲೆ ನಲ್ಲಿಯ ಹತ್ತಿರ ಬೇರೆ ಮಾತೇ ಇಲ್ಲದಂತಾಗಿತ್ತು. ಯಾರ ಮಗಳು ಯಾರ ಜೊತೆ ಮಾತಾಡಿದಳು, ಫೋನು ನೋಡಿಕೊಂಡು ಯಾಕೆ ನಕ್ಕಳು, ಇದೇ ಪಂಚಾಯ್ತಿ. ಮತ್ತೋಡು ಕಡೆಯ ಆ ಕುರಿ ಸಾಕುವವರ ಹಟ್ಟಿಯಲ್ಲಿ ದೊಡ್ಡಕ್ಕನೂ ಇದಕ್ಕೆ ತಲೆಯಾಡಿಸಿದವಳೇ. ಅವಳ ಮಗಳು ಮೀನಾಕ್ಷಿ ಹೊಸದುರ್ಗದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. "ನಮ್ಮುಡುಗಿ ಫೋನಲ್ಲಿ ಪಾಠ ಓದ್ತಾಳೆ, ಅಂಥದ್ದಲ್ಲ ಬಿಡ್ರಿ" ಅಂತ ಹೇಳಿ ಬಿಂದಿಗೆ ಎತ್ತಿಕೊಂಡು ಬರುತ್ತಿದ್ದಳು.

ಒಂದು ದಿನ ಹಟ್ಟಿಯ ಹುಡುಗರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಫೋಟೋ ಹಾಕಿದರು. ಮುಳ್ಳುಬೇಲಿಯ ಆಚೆ, ಹುಣಸೆಮರದ ಕೆಳಗೆ ಒಂದು ಗುಡಿಸಲು. ಮುಟ್ಟಾದವರು, ಹೆತ್ತ ಬಾಣಂತಿಯರು ಹಟ್ಟಿಯೊಳಗೆ ಇರಬಾರದೆಂದು ಕೂರಿಸುವ ಗುಡಿಸಲು ಅದು. ಫೋಟೋದ ಕೆಳಗೆ ಉದ್ದದ ಬರಹ. 'ಬೇಲಿಯಾಚೆಯವರು' ಅಂತ ಒಂದು ಬ್ಲಾಗ್ ಇತ್ತು. ಜಿಲ್ಲೆಯ ಕಾಲೇಜು ಹುಡುಗಿಯರು ಇಂಟರ್ನೆಟ್ಟಿನಲ್ಲಿ ಸೇರಿಕೊಂಡು, ಮನೆಯಲ್ಲಿ ಆಡಲಾಗದ ಮಾತನ್ನು ಬರೆದುಕೊಳ್ಳುವ ಜಾಗ. ಅಲ್ಲಿಂದ ಬಂದದ್ದು ಈ ಬರಹ. ಬರೆದವಳ ಹೆಸರಿರಲಿಲ್ಲ, ಮುಖವಿರಲಿಲ್ಲ, ಊರೂ ಇರಲಿಲ್ಲ. ಅಂಥ ಗುಡಿಸಲು ಎಷ್ಟೋ ಹಟ್ಟಿಗಳಲ್ಲಿ ಉಂಟು, ಇಂಥವರದೇ ಅಂತ ಹೇಳುವುದು ಹೇಗೆ?

ಆದರೆ ಗುಡಿಸಲಿನ ಗಳುವಿಗೆ ಒಂದು ಕರಿ ಕಂಬಳಿ ನೇತುಹಾಕಿತ್ತು. ಅದರ ಅಂಚಿಗೆ ಕೆಂಪು ದಾರದ ಹೊಲಿಗೆ. ಕುರಿಯವರಿಗೆ ಕಂಬಳಿ ಅಂದರೆ ಬರೀ ಹೊದಿಕೆಯಲ್ಲ. ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಎಲ್ಲರ ಕಂಬಳಿಯೂ ಒಂದೇ ಕಡೆ ಬಿದ್ದಿರುತ್ತದೆ, ಅದಕ್ಕೇ ಒಂದೊಂದು ಮನೆಯವರು ಒಂದೊಂದು ಗುರುತು ಹಾಕಿಕೊಳ್ಳುತ್ತಾರೆ. ಹಟ್ಟಿಯ ಎಳೇ ಮಕ್ಕಳೂ ಕಂಬಳಿ ನೋಡಿ ಮನೆ ಹೇಳುತ್ತವೆ.

"ಲೇ, ಇದು ನಮ್ಮನೆ ಕಂಬ್ಳಿ ಕಣ್ರೋ" ಅಂತ ಜುಂಜೇಶ ಗುಂಪಿನಲ್ಲಿ ಬರೆದ. ಪಕ್ಕದಲ್ಲಿ ಒಂದು ನಗುವ ಗೊಂಬೆಯನ್ನೂ ಹಾಕಿದ. ಅವನು ಮೀನಾಕ್ಷಿಯ ಸ್ವಂತ ಅಣ್ಣ. ಬರೆದ ಮೇಲೆ ಅವನಿಗೆ ಹೊಳೆಯಿತು, ತಮ್ಮ ಮನೆಯಲ್ಲಿ ಹಾಗೆ ಬರೆಯಬಲ್ಲ ಹುಡುಗಿ ತಂಗಿಯೊಬ್ಬಳೇ. ಅಷ್ಟೊತ್ತಿಗೆ ಎಲ್ಲರೂ ಓದಿ ಆಗಿತ್ತು. ತಂಗಿಯನ್ನು ತಾನೇ ತೋರಿಸಿಕೊಟ್ಟೆ ಅಂತ ಅವನಿಗೆ ಅನ್ನಿಸಲಿಲ್ಲ. ತಂಗಿ ತನ್ನ ಮರ್ಯಾದೆ ಕಳೆದಳು ಅನ್ನಿಸಿತು. ಮನೆಗೆ ಬಂದವನೇ ಅವಳ ಕೆನ್ನೆಗೆ ಬಾರಿಸಿದ.

ಸಂಜೆಗೆಲ್ಲ ಕಾಲೇಜಿನ ಕಾರ್ಯಕ್ರಮದಲ್ಲಿ ತೆಗೆದ ಮೀನಾಕ್ಷಿಯ ಫೋಟೋಕ್ಕೆ ಹೊಲಸು ಮಾತು ಅಂಟಿಸಿ ಯಾರೋ ಊರೂರಿಗೆ ಕಳಿಸಿದ್ದರು. ಅದರ ಬಗ್ಗೆ ಕಟ್ಟೆಯ ಮೇಲೆ ಒಬ್ಬರೂ ಉಸಿರೆತ್ತಲಿಲ್ಲ. ಹಟ್ಟಿಯ ಹಿರಿಯ ನಾಗರಾಜಪ್ಪ ಹುಡುಗಿಯ ಅಪ್ಪ ಕಾಟಲಿಂಗಪ್ಪನನ್ನು ಕರೆಸಿದ.

"ಏನಪ್ಪ, ಮಗಳನ್ನ ಓದ್ಸಿದ್ದು ಹಟ್ಟಿ ಮಾನ ಹರಾಜ್ ಹಾಕಾಕಾ? ಅದೇನೋ ಸ್ತ್ರೀವಾದ ಅಂತೆ. ಬರ್ದಿದ್ದು ಅಳ್ಸಬೇಕು, ಕಾಲೇಜು ಬಿಡ್ಸಬೇಕು. ಇಲ್ಲಾಂದ್ರೆ ನಿಮ್ಮನೆ ನೀರು ಯಾರೂ ಮುಟ್ಟಲ್ಲ."

ಕಾಟಲಿಂಗಪ್ಪ ಫೋನು ಕಿತ್ತುಕೊಂಡು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ. ಮಗಳನ್ನು ಹಿರೇಗುಂಟನೂರಿನ ಸೋದರಮಾವನ ಮನೆಗೆ ಅಟ್ಟುವುದು, ಅಲ್ಲೇ ಗಂಡು ನೋಡುವುದು ಅಂತ ತೀರ್ಮಾನವಾಯಿತು. ಪರೀಕ್ಷೆ ಹತ್ತಿರದಲ್ಲಿತ್ತು. ದೊಡ್ಡಕ್ಕ ಅಡ್ಡ ಬರಲಿಲ್ಲ.

"ನಿನ್ ಕೈಯಾರೆ ಮಾಡ್ಕಂಡಿದ್ದು, ಹೋಗು" ಅಂದಳು.

"ನಾನು ಏನ್ ಬರ್ದೀನಿ ಅಂತ ಗೊತ್ತೇನಮ್ಮ ನಿಂಗೆ?"

"ನಂಗೆಲ್ಲಿ ಓದಾಕ್ ಬರ್ತೈತೆ?"

"ಯಾರತ್ರನಾದ್ರೂ ಓದಿಸ್ಕ" ಅಂತ ಹೇಳಿ ಬಸ್ಸು ಹತ್ತಿದಳು.

ಮೀನಾಕ್ಷಿ ಕಾಲೇಜಿಗೆ ಬರಲಿಲ್ಲವೆಂದು ಗೆಳತಿ ಸುಮಾ ಹುಡುಕಿಕೊಂಡು ಬಂದಳು. ಭರಮಸಾಗರದ ಹುಡುಗಿ, ಹೊಸದುರ್ಗದ ಹಾಸ್ಟೆಲಿನಲ್ಲಿದ್ದಳು. ದೊಡ್ಡಕ್ಕ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

"ಬಾರವ್ವ, ನೀನೂ ಆ ಗುಂಪಿನೋಳೇ ಇರ್ಬೇಕು. ನನ್ ಮಗಳನ್ನ ಹಾಳ್ ಮಾಡಿದ್ದು ನೋಡಾಕ್ ಬಂದ್ಯಾ?"

"ಹೌದಮ್ಮ, ಆ ಗುಂಪಿನೋಳೇ. ನೀವು ಬೈರಿ, ನಾನು ಕುಂತ್ಕಂಡು ಕೇಳ್ತೀನಿ."

"ಅಲ್ಲಿ ಹುಡುಗಿ ಹೆಸ್ರಿಟ್ಕಂಡು ಗಂಡಸ್ರು ಕುಂತಿದ್ರೆ?"

"ಕೆಲವು ಕಡೆ ಇರ್ತಾರೆ. ಅದಕ್ಕೇ ನಮ್ಮಲ್ಲಿ ಕಾವ್ಯಶ್ರೀ ಮೇಡಂ ಅಂತ, ಚಿತ್ರದುರ್ಗದಲ್ಲಿ ವಕೀಲ್ರು, ಅವ್ರು ಮುಖ ನೋಡಿ ಮಾತಾಡಿಸ್ದೆ ಯಾರನ್ನೂ ಸೇರ್ಸಲ್ಲ. ಊರು, ಫೋನ್ ನಂಬರು ಹಾಕಂಗಿಲ್ಲ. ಫೋಟೋನೂ ಅವ್ರು ನೋಡಿದ್ಮೇಲೇ ಹಾಕೋದು."

"ಕಂಬ್ಳಿ ಬಿಟ್ರಲ್ಲ ಮತ್ತೆ."

ಸುಮಾ ತಲೆ ತಗ್ಗಿಸಿದಳು. "ಬಿಟ್ವಿ. ನಮ್ಗೆ ಕಂಬ್ಳಿ ಅಂದ್ರೆ ಕಂಬ್ಳಿ ಅಷ್ಟೆ. ಅದು ಹೆಸ್ರು ಬರ್ದಂಗೆ ಅಂತ ಗೊತ್ತಾಗ್ಲಿಲ್ಲ. ಮೀನಾಕ್ಷಿಗೆ ಚಿಕ್ಕಂದಿನಿಂದ ನೋಡಿದ ಕಂಬ್ಳಿ, ಕಣ್ಣಿಗೇ ಬೀಳ್ಲಿಲ್ಲ."

ಆ ಕೆಂಪು ದಾರ ಹೊಲಿದವಳು ದೊಡ್ಡಕ್ಕನೇ. ಅವಳು ಮೊರ ಕೆಳಗಿಟ್ಟಳು.

"ಏನ್ ಬರ್ದವ್ಳೆ, ಓದು."

ಸುಮಾ ಓದಿದಳು:

"ನನಗೆ ತಲೆ ಬಾಚುವಾಗ ಅಮ್ಮ ಹೇಳಿದಳು. ನನಗಿಂತ ಮೊದಲು ಒಂದು ಹೆಣ್ಣುಕೂಸು ಈ ಗುಡಿಸಲಲ್ಲಿ ಹುಟ್ಟಿತ್ತು. ಜಡಿಮಳೆ. ಕೂಸು ತಣ್ಣಗಾಗುತ್ತಾ ಬಂತು. ಅಮ್ಮ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೇಲಿಯವರೆಗೆ ಬಂದು ಕೂಗಿದಳು. ಬೇಲಿಯೊಳಗೆ ಅಪ್ಪ ನಿಂತಿದ್ದ, ಅಜ್ಜಿ ನಿಂತಿದ್ದಳು. ಯಾರೂ ದಾಟಿ ಬರಲಿಲ್ಲ. ಆ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಇದನ್ನು ಹೇಳುತ್ತಾ ಅಮ್ಮ ನನ್ನ ಜಡೆಯ ಸಿಕ್ಕು ಬಿಡಿಸುತ್ತಲೇ ಇದ್ದಳು. ಅವಳ ಕೈ ನಡುಗಲಿಲ್ಲ. ಅದಕ್ಕೇ ನನಗೆ ಭಯವಾಯಿತು."

ಕೋಳಿಯೊಂದು ಬಂದು ಮೊರದ ರಾಗಿಗೆ ಬಾಯಿ ಹಾಕಿತು, ದೊಡ್ಡಕ್ಕ ಓಡಿಸಲಿಲ್ಲ.

"ಇದನ್ನ ಯಾರ್ಯಾರು ಓದವ್ರೆ?"

"ಬಹಳ ಜನ ಓದವ್ರೆ. ಹೊಳಲ್ಕೆರೆ ಕಡೆಯೋಳೊಬ್ಳು ಬರ್ದವ್ಳೆ, ಅವ್ರಕ್ಕನಿಗೆ ಹೊರಗೆ ಮಲಗಿದ್ದಾಗ ಹಾವು ಕಚ್ತಂತೆ. ಹಿರಿಯೂರಿನೋಳೊಬ್ಳು ಪರೀಕ್ಷೆಗೆ ಗುಡ್ಸಲಲ್ಲೇ ಕುಂತು ಓದಿದ್ಳಂತೆ. ಇನ್ನೊಬ್ಳು ಬರ್ದವ್ಳೆ, ನಿಮ್ಮಮ್ಮಂಗೆ ಹೇಳು, ಆ ಕೂಸು ನಮ್ಗೂ ನೆನಪಿರ್ತೈತೆ ಅಂತ."

ದೊಡ್ಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೂಸನ್ನು ಮಣ್ಣು ಮಾಡಿ ಬಂದ ಮೇಲೆ ಹಟ್ಟಿಯಲ್ಲಿ ಒಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ. ಈಗ ಮುಖ ಕಾಣದ ಹುಡುಗಿಯರು ಎತ್ತಿದ್ದರು.

"ಇದ್ರಲ್ಲಿ ಹಟ್ಟಿ ಮಾನ ಕಳೆಯಂಥದ್ದು ಏನೈತೆ?"

"ನೀವೇ ಹೇಳ್ರಿ. ಹೀಗೆ ಹೊರಗೆ ಹಾಕೋದು ಕಾನೂನಲ್ಲೂ ತಪ್ಪು. ಅವಳ ಫೋಟೋಕ್ಕೆ ಹೊಲ್ಸು ಅಂಟ್ಸಿದ್ದೂ ಅಪರಾಧಾನೇ. ಸ್ಕ್ರೀನ್‌ಶಾಟ್ ಎಲ್ಲಾ ನನ್ನತ್ರ ಐತೆ. ದುರ್ಗದ ಸೈಬರ್ ಠಾಣೆಗೆ ಮೇಡಂ ಜೊತೆಗ್ ಬರ್ತಾರೆ."

"ಪೊಲೀಸ್ರು ಅಂದ್ರೆ ಜುಂಜೇಶನೂ ಒಳಗೋಗ್ತಾನಾ?"

"ಅವ್ನು ಅಂಟ್ಸಿಲ್ಲಮ್ಮ. ಅಂಟ್ಸೋರ ಗುಂಪಲ್ಲಿ ಸುಮ್ನೆ ನೋಡ್ಕಂಡಿದ್ದ."

"ಅವ್ರಪ್ಪನ ಮಗ" ಅಂದಳು ದೊಡ್ಡಕ್ಕ.

ಕಾಟಲಿಂಗಪ್ಪ ಕುರಿಗಳನ್ನು ದೊಡ್ಡಿಗೆ ಕೂಡಿ ಜಗಲಿಗೆ ಬಂದ. ಸುಮಾಳನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಕುಂತ್ಕ. ಮಗಳು ಬರ್ದಿದ್ದು ಓದಿಸ್ತೀನಿ, ಕೇಳು" ಅಂದಳು ದೊಡ್ಡಕ್ಕ.

ಅವನು ನಿಂತೇ ಕೇಳಿದ. ಬೇಲಿಯ ಮಾತು ಬಂದಾಗ ಮುಖ ತಿರುಗಿಸಿದ. ಓದು ಮುಗಿಯಿತು.

"ಅವತ್ತು ಮಳೆ ಜೋರಿತ್ತು" ಅಂದ.

"ಮಳೆ ನಂಗೂ ಜೋರಿತ್ತು."

ಬೆಳಿಗ್ಗೆ ಕಾಟಲಿಂಗಪ್ಪ ಪೆಟ್ಟಿಗೆಯಿಂದ ಫೋನು ತೆಗೆದು ಜೇಬಿಗಿಟ್ಟುಕೊಂಡು ಹಿರೇಗುಂಟನೂರಿಗೆ ಹೊರಟ. ಮಗಳೊಂದಿಗೆ ವಾಪಸು ಬಂದ. ಆದರೆ ಮೊದಲ ಎರಡು ಪೇಪರು ಮುಗಿದೇ ಹೋಗಿದ್ದವು. ಗೆಳತಿಯರು ಮುಂದಿನ ವರ್ಷಕ್ಕೆ ಹೋದರು, ಮೀನಾಕ್ಷಿ ಆ ಎರಡನ್ನು ಮತ್ತೆ ಬರೆಯಬೇಕಾಯಿತು. ಅಮ್ಮ ಮಗಳು ದುರ್ಗಕ್ಕೆ ಹೋಗಿ ದೂರು ಕೊಟ್ಟ ಮೇಲೆ ಹೊಲಸು ಅಂಟಿಸಿದ ಹುಡುಗರ ಅಪ್ಪಂದಿರು ಮನೆಗೆ ಬಂದು ಕೈ ಮುಗಿದರು. ಅವರು ಮುಗಿದದ್ದು ಕೇಸು ವಾಪಸು ತೆಗೆಯಿರಿ ಅಂತ. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ. ಹಟ್ಟಿಯವರು ಇವರ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಜುಂಜೇಶ ಈಗಲೂ ತಂಗಿಯ ಮುಖ ನೋಡಿ ಮಾತಾಡುವುದಿಲ್ಲ.

ಮುಂದಿನ ಸಲ ಹೊರಗಾದಾಗ ದೊಡ್ಡಕ್ಕ ಕೆಂಪು ದಾರದ ಕಂಬಳಿಯನ್ನು ಗುಡಿಸಲಿನಿಂದ ತಂದು ತನ್ನ ಜಗಲಿಯ ಮೇಲೆ ಹಾಸಿ ಕೂತಳು. ಪಕ್ಕದ ಮನೆಯ ಮಲ್ಲಕ್ಕ ನೋಡಿ ಬೆಚ್ಚಿದಳು.

"ಇದೇನಕ್ಕ, ಇಲ್ಲೇ ಕುಂತಿದೀಯ? ಹೊರಗ್ ಹೋಗಲ್ವಾ?"

"ಒಂದ್ ಕೂಸು ಬಿಟ್ಟು ಬಂದೀನಿ ಅಲ್ಲಿ. ಇನ್ನೇನೂ ಬಿಡಾಕಿಲ್ಲ ನಂತಾವ."

ಮೀನಾಕ್ಷಿ ಅದನ್ನೂ ಬರೆದಳು. ಈ ಸಲ ಅಮ್ಮನ ಹೆಸರು ಹಾಕಿದಳು. ಹಾಕು ಅಂತ ದೊಡ್ಡಕ್ಕನೇ ಹೇಳಿದ್ದಳು.

ಇದನ್ನು ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಗಳ ಕೈಯಿಂದ ಫೋನು ಕಿತ್ತುಕೊಳ್ಳುವುದು ಸುಲಭ. ಅದಕ್ಕೂ ಮೊದಲು ಅವಳು ಬರೆದದ್ದನ್ನು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಬರೆಯುವ ಹುಡುಗಿಯರೇ, ಹೆಸರು ಮುಚ್ಚಿದರೆ ಸಾಲದು. ಫೋಟೋದಲ್ಲಿ ನಿಮ್ಮ ಊರಿನವರು ಗುರುತು ಹಿಡಿಯುವ ಬಾಗಿಲು, ಬಟ್ಟೆ, ಕಂಬಳಿ ಇದೆಯೇ ಅಂತ ನಿಮ್ಮವರ ಕಣ್ಣಿನಿಂದ ನೋಡಿ. ಗುಂಪು ನಡೆಸುವವರು ಯಾರೆಂದು ತಿಳಿದುಕೊಂಡೇ ಸೇರಿ. ಯಾರಾದರೂ ಹೊಲಸು ಬರೆದರೆ ಹೆದರಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ಗಂಡುಮಕ್ಕಳೇ, ಅಂಥದ್ದು ನಿಮ್ಮ ಗುಂಪಿಗೆ ಬಂದಾಗ ಸುಮ್ಮನೆ ನೋಡಿಕೊಂಡು ಕೂತರೆ ನೀವೂ ಅದರಲ್ಲಿ ಪಾಲುದಾರರೇ.

ಬೇಲಿಯ ಹತ್ತಿರ ನಿಂತು ಒಬ್ಬಳು ಕೂಗುತ್ತಿದ್ದಾಳೆ. ನಿಮಗೆ ಕೇಳಿಸುತ್ತಿದೆ. ದಾಟಿ ಹೋಗಿ.