ಕಿಟಕಿಯಲ್ಲಿದ್ದ ಕೆಂಪು ಪೆಟ್ಟಿಗೆ

ಆ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವನು ಕಿಟಕಿಯಣ್ಣ. ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಗಳಲ್ಲಿ ಬೊಂಬೆಗಳಿಗೆ ಬಟ್ಟೆ ತೊಡಿಸಿ, ಸಾಮಾನು ಜೋಡಿಸಿ, ಹಾದುಹೋಗುವವರ ಕಾಲು ಕಟ್ಟಿಹಾಕುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ.

ಅವನು ಸೇರಿದಾಗ ಇದ್ದದ್ದು ಒಂದೇ ಕೋಣೆ, ಒಂದೇ ಕಿಟಕಿ. ದೊಡ್ಡ ಯಜಮಾನರು ಮೊದಲ ದಿನವೇ ಕಿವಿ ಹಿಂಡಿದ್ದರು. "ನೋಡಪ್ಪಾ, ಕಿಟಕೀಲಿಟ್ಟಿದ್ದನ್ನ ಯಾರಾದ್ರೂ ಕೇಳಿದ್ರೆ ಆ ಕ್ಷಣ ತೆಗೆದು ಕೊಡಬೇಕು. ಇದು ಬರೀ ತೋರ್ಸೋಕೆ ಅನ್ನೋ ಮಾತು ನಮ್ಮ ಅಂಗಡೀಲಿ ಕೇಳಿಸಬಾರದು." ಬೊಂಬೆಯ ಮೈಮೇಲಿನ ಕೋಟು ಕೇಳಿದರೆ ಬೊಂಬೆ ಬರಿಮೈಯಲ್ಲಿ ನಿಲ್ಲುತ್ತಿತ್ತು, ಕೋಟು ಗಿರಾಕಿಯ ಕೈಸೇರುತ್ತಿತ್ತು. ಜನ ಅಂಗಡಿಯನ್ನು ನಂಬಿದ್ದು ಇದಕ್ಕೇ. ನೋಡನೋಡುತ್ತ ಕೋಣೆ ನಾಲ್ಕು ಅಂತಸ್ತಾಯಿತು, ಲಿಫ್ಟು ಬಂತು, ಸೂಜಿಯಿಂದ ಸೋಫಾದವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗತೊಡಗಿತು. ಗಂಡ ತೀರಿಕೊಂಡ ತಂಗಿಯನ್ನೂ ಕಿಟಕಿಯಣ್ಣ ಕರೆತಂದು ಮೂರನೇ ಅಂತಸ್ತಿನ ಹೊಲಿಗೆ ಕೋಣೆಗೆ ಸೇರಿಸಿದ. ಕೊಂಡ ಬಟ್ಟೆಯನ್ನು ಗಿರಾಕಿಯ ಮೈಗೆ ಸರಿಹೊಂದಿಸಿಕೊಡುವುದು ಅವಳ ಕೆಲಸ.

ದೊಡ್ಡವರು ಕಣ್ಣು ಮುಚ್ಚಿದರು. ಮಗ ಚಿಕ್ಕ ಯಜಮಾನರಿಗೆ ಒಂದು ಅಂಗಡಿ ಎಲ್ಲಿ ಸಾಕು! ಆರು ವರ್ಷದಲ್ಲಿ ಹನ್ನೊಂದು ಊರಿನಲ್ಲಿ ಹನ್ನೊಂದು ಅಂಗಡಿ. ಪ್ರತಿ ಸಲ ರಿಬ್ಬನ್ ಕತ್ತರಿಸುವಾಗಲೂ ಕಪಾಟು ತುಂಬಿಸುತ್ತಿದ್ದದ್ದು ಅದೇ ಎರಡು ಲಾರಿ ಸರಕು. ಚಪ್ಪಾಳೆ ನಿಲ್ಲುವ ಮೊದಲೇ ಅದು ಮುಂದಿನ ಊರಿಗೆ ಹೊರಡುತ್ತಿತ್ತು. ಇಂಥ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ! ಗಿರಾಕಿ ಕೇಳಿದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸರಕು ಕೊಡುವವರು ಕೈ ಎತ್ತಿದರು. ಒಂದೊಂದಾಗಿ ಬಾಗಿಲು ಬಿದ್ದು, ಕೊನೆಗೆ ಉಳಿದದ್ದು ಹಳೆಯದೊಂದೇ.

ಒಂದು ಬೆಳಿಗ್ಗೆ ಚಿಕ್ಕ ಯಜಮಾನರು ಕಿಟಕಿಯಣ್ಣನನ್ನು ಕರೆಸಿದರು. "ಕಿಟಕಿ ತುಂಬ ಖಾಲಿ ಪೆಟ್ಟಿಗೆ ಜೋಡ್ಸು. ಹೊಸ ಸರಕು ಬಂದಿದೆ ಅನ್ನಿಸ್ಬೇಕು. ಯಾರಾದ್ರೂ ಕೇಳಿದ್ರೆ ಬುಕ್ ಆಗಿದೆ ಅನ್ನು. ಒಬ್ಬರ ಹತ್ರಾನೂ ಬಾಯಿ ಬಿಡ್ಬೇಡ. ಬಿಟ್ರೆ ಮೊದಲು ಹೊರಗೆ ಹೋಗೋನು ನೀನೇ."

ಮಾನವಿದ್ದವನಾಗಿದ್ದರೆ ಪೆಟ್ಟಿಗೆಯನ್ನು ಅವರ ಮುಖಕ್ಕೇ ಎಸೆದು ಬರುತ್ತಿದ್ದ. ಇವನು ಹೂಂ ಅಂದ. ಬರೀ ಹೂಂ ಅನ್ನಲಿಲ್ಲ, ಶ್ರದ್ಧೆಯಿಂದ ಮಾಡಿದ. ಪೆಟ್ಟಿಗೆಗಳಿಗೆ ಕೆಂಪು ಕಾಗದ ಸುತ್ತಿ ದಾರ ಬಿಗಿದ. ಬೀದಿಯವರು ನೋಡುತ್ತಾರೆಂದು ಒಂದೊಂದನ್ನೂ ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಮಣಭಾರವೆಂಬಂತೆ ಎತ್ತಿಟ್ಟ. ತನ್ನ ನಟನೆಗೆ ತಾನೇ ಶಹಭಾಸ್ ಅಂದುಕೊಂಡನೆಂದರೆ ನೋಡಿ!

ಅದೇ ವಾರ ತಂಗಿ ಕೆಳಗಿಳಿದು ಬಂದಳು. ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿತ್ತು.

"ಅಣ್ಣಾ, ಸಮವಸ್ತ್ರ ಹೊಲಿಯೋ ಕಾರ್ಖಾನೆಯವ್ರು ಕರೀತಿದಾರೆ. ಶನಿವಾರದೊಳಗೆ ಹೇಳ್ಬೇಕಂತೆ, ಇಲ್ದಿದ್ರೆ ಬೇರೆಯವ್ರನ್ನ ತಗೋತಾರಂತೆ. ಈ ಅಂಗಡಿ ಉಳಿಯುತ್ತಾ? ನಿಂಗೆ ಒಳಗಿಂದು ಗೊತ್ತಿರುತ್ತೆ, ನಿಜ ಹೇಳು. ನಂಗೀಗ ಐವತ್ತೆರಡು. ಇದು ತಪ್ಪಿದ್ರೆ ನನ್ನನ್ನ ಇನ್ಯಾರು ಕರೀತಾರೆ?"

ನಿಜ ಅವನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇವಳು ಹೋದರೆ ಹೊಲಿಗೆ ಕೋಣೆಯವರೆಲ್ಲ ಹಿಂದೆಯೇ ಹೊರಡುತ್ತಾರೆ, ಅಣ್ಣನೇ ಗುಟ್ಟು ಬಿಟ್ಟನೆಂದು ಚಿಕ್ಕ ಯಜಮಾನರಿಗೆ ತಿಳಿಯುತ್ತದೆ. ಅವನಿಗೆ ಹೆದರಿಕೆಯಾಯಿತು, ಅಷ್ಟೇ. ಅದಕ್ಕೆ ಬೇರೆ ದೊಡ್ಡ ಹೆಸರು ಬೇಡ.

"ಹುಚ್ಚೀ! ಕಿಟಕಿ ನೋಡಿಲ್ವಾ? ತುಂಬಿ ತುಳುಕ್ತಿದೆ. ಸುಮ್ನೆ ಹೋಗಿ ಹೊಲಿ."

"ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದು ನಕ್ಕು ಅವಳು ಮೆಟ್ಟಿಲು ಹತ್ತಿದಳು.

ಅದಾದ ಹತ್ತೊಂಬತ್ತನೇ ದಿನ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿತು: ಕಂಪನಿ ಮುಚ್ಚಿದೆ. ಕೆಲಸದವರೆಲ್ಲ ಬೀದಿಯಲ್ಲಿ ನಿಂತಿದ್ದರು. ಒಳಗಿದ್ದವನು ಕಿಟಕಿಯಣ್ಣನೊಬ್ಬನೇ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವನಿಗೆ ಸಿಕ್ಕ ಬಹುಮಾನ, ಕಿಟಕಿಗಳನ್ನು ಖಾಲಿ ಮಾಡುವ ಒಂದು ವಾರದ ಕೆಲಸ.

ಮಧ್ಯಾಹ್ನ ತಂಗಿ ಗಾಜು ತಟ್ಟಿದಳು. ಅವನು ಬಾಗಿಲು ಓರೆ ಮಾಡಿದ.

"ಕಾರ್ಖಾನೆಗೆ ಹೋಗಿದ್ದೆ," ಎಂದಳು. "ಆ ಮಿಷನ್ ಮುಂದೆ ಬೇರೆಯವಳು ಕೂತಿದಾಳೆ."

"ನಿನ್ನಾಣೆಗೂ ನಂಗೊತ್ತಿರ್ಲಿಲ್ಲ ಕಣೇ. ಪೆಟ್ಟಿಗೆ ಕಟ್ಟಿ ಕಳಿಸ್ತಿದ್ದದ್ದು ಚಿಕ್ಕ ಯಜಮಾನ್ರು. ಎತ್ತಿಟ್ಟಾಗ ಭಾರವಾಗೇ ಇದ್ವು, ಒಳಗೆ ಸರಕಿದೆ ಅಂತಾನೇ ನಾನೂ ನಂಬಿದ್ದೆ."

ಅವಳು ಅವನ ಮುಖವನ್ನೇ ನೋಡಿದಳು. "ಕಿಟಕೀಲಿರೋದನ್ನ ಕೇಳಿದವ್ರಿಗೆ ಕೊಡ್ಬೇಕಲ್ವಾ ಅಣ್ಣಾ? ಆ ಕೆಂಪು ಪೆಟ್ಟಿಗೆ ಕೊಡು."

ಬೀದಿ ತುಂಬ ಜನ ನೋಡುತ್ತಿದ್ದರು. ಅವನು ಕಿಟಕಿಯೊಳಗೆ ಹೋದ. ಕೈ ರೂಢಿಯಂತೆ ಪೆಟ್ಟಿಗೆಯ ಅಡಿಗೆ ಹೋಯಿತು, ಸೊಂಟ ತಾನಾಗಿ ಬಗ್ಗಿತು, ಉಸಿರು ಬಿಗಿಯಿತು. ತೇಕುತ್ತ ಹೊತ್ತು ತಂದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

ತಂಗಿ ದಾರಕ್ಕೆ ಕಿರುಬೆರಳು ತೂರಿಸಿ ಪೆಟ್ಟಿಗೆಯನ್ನು ಎತ್ತಿದಳು. ಅದು ಗಾಳಿಗೆ ಓಲಾಡಿತು. ಹೊಲಿಗೆ ಕೋಣೆಯ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ.

"ನೀನು ಗೊತ್ತಿಲ್ದೋನಾಗಿದ್ರೆ ಎತ್ತಿದ ಕೂಡ್ಲೇ ಇಷ್ಟು ಹಗುರಾನಾ ಅಂತ ಬೆಚ್ಚಿಬೀಳ್ತಿದ್ದೆ," ಎಂದಳು. "ನೀನು ತೇಕ್ತಾ ಬಂದೆಯಲ್ಲೋ!"

ಪೆಟ್ಟಿಗೆಯನ್ನು ಬೆರಳಿನಲ್ಲೇ ನೇತಾಡಿಸಿಕೊಂಡು ಅವಳು ಬೀದಿ ದಾಟಿದಳು. ಹುಟ್ಟಿದಾಗಿನಿಂದ ಅಣ್ಣಾ ಎಂದವಳು ಆ ಕೊನೆಯ ಮಾತಿನಲ್ಲಿ ಅಣ್ಣಾ ಅಂದಿರಲಿಲ್ಲ. ಮುಂದೆಯೂ ಅನ್ನಲಿಲ್ಲ.