ಹಡಗಿಗೆ ಕಟ್ಟಿದ ಗೆಜ್ಜೆ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಪೈಕಿಯವನು ಗಾದೆಪ್ಪ. ಬಳ್ಳಾರಿಯಲ್ಲಿ ಅವನದು ಪಂಪ್‌ಸೆಟ್ ಅಂಗಡಿ. ಆ ವರ್ಷ ಎಲ್ಲರಿಗಿಂತ ಹೆಚ್ಚು ಮೋಟಾರು ಮಾರಿದನೆಂದು ಕಂಪನಿಯವರು ಮುಂಬೈಯಿಂದ ಮೂರು ದಿನದ ಹಡಗಿನ ಪ್ರವಾಸಕ್ಕೆ ಟಿಕೆಟ್ ಕೊಟ್ಟರು, ಮನೆಮಂದಿಗೆಲ್ಲ. ಅವನು ಅದನ್ನು ದೇವರ ಮುಂದಿಟ್ಟು ಕೈಮುಗಿದ. ಮನೆಯಲ್ಲಿ ಬೇರೆ ಯಾರೂ ಕುಣಿಯಲಿಲ್ಲ.

ಅವನಪ್ಪ ಎರ್ರೆಪ್ಪ ಕುರುಗೋಡಿನಲ್ಲಿ ಬಂಡೆಗಳ ನಡುವೆ ಬೆಳೆದವನು. "ಒಂದು ಗುಂಡುಸೂಜಿ ನೀರಾಗ ಹಾಕಿದ್ರ ಮುಳುಗತೈತಿ. ಅಷ್ಟು ಕಬ್ಬಿಣ ಹೆಂಗ ತೇಲತೈತಲೇ?" ಎಂದ.

"ಅದರಾಗ ಈಜಾಕ ಕೊಳ ಸೈತ ಐತಪ್ಪ."

"ಸಮುದ್ರದ ಮ್ಯಾಲೆ ಹೋಗಿ ಹೊಂಡದಾಗ ಈಜೋದಾ? ಚಲೋ ಐತಿ ನಿಮ್ಮ ಶಾಣ್ಯಾತನ!"

ಗಾದೆಪ್ಪನ ಹೆಂಡತಿ ಹೊನ್ನೂರಮ್ಮ ನಾಲ್ಕು ವರ್ಷದ ಮಗಳು ಅನುಷಾಳನ್ನು ತೊಡೆಯ ಮೇಲೆ ಒತ್ತಿಕೊಂಡು ಕೂತಳು. ಹೊನ್ನೂರಮ್ಮನಿಗೆ ನೀರೆಂದರೆ ಭಯ. ಅದು ಮನೆಯವರಿಗೆಲ್ಲ ಗೊತ್ತು. ಸಿರುಗುಪ್ಪದ ಅವಳ ತವರಿನ ಓಣಿಯ ಹಿಂದೆಯೇ ಕಾಲುವೆ. ಅಲ್ಲಿನ ತಾಯಂದಿರು ಗದ್ದೆಯಲ್ಲೋ ಅಕ್ಕಿ ಮಿಲ್ಲಿನಲ್ಲೋ ದುಡಿಯುವಾಗ ಮಕ್ಕಳ ಮೇಲೆ ಕಣ್ಣಿಡಲಾಗದು, ಕಿವಿ ಇಡುತ್ತಾರೆ. ನಡೆಯಲು ಕಲಿತ ಕೂಸಿನ ಉಡಿದಾರಕ್ಕೆ ಒಂದು ಬೆಳ್ಳಿ ಗೆಜ್ಜೆ ಕಟ್ಟುತ್ತಾರೆ. ಸಪ್ಪಳ ಬರುತ್ತಿದ್ದರೆ ಕೂಸು ಇದೆ. ಹಾಗಿದ್ದೂ ಹೊನ್ನೂರಮ್ಮನ ತಮ್ಮ ಹೊನ್ನೂರಸ್ವಾಮಿ ಮೂರನೇ ವಯಸ್ಸಿಗೆ ಕಾಲುವೆಯ ಪಾಲಾದ. ಅವನ ಸೊಂಟದಲ್ಲಿ ಗೆಜ್ಜೆ ಇರಲಿಲ್ಲ. ಗಂಟು ಸಡಿಲವಾಗಿ ಎಲ್ಲೋ ಬಿದ್ದುಹೋಗಿದೆ ಎಂದುಕೊಂಡರು. ಗಂಟು ಹಾಕಿದವಳು ಅವ್ವ. ಆವತ್ತಿನಿಂದ ಅವಳು ಅಕ್ಕಿ ಚೀಲವಿರಲಿ, ಹೂವಿನ ಮಾಲೆಯಿರಲಿ, ಮೂರು ಗಂಟು ಹಾಕದೆ ಬಿಡುವುದಿಲ್ಲ.

ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಆ ದಿನ ಮಿಲ್ಲಿನ ಹೊಟ್ಟಿನ ರಾಶಿಯ ಹಿಂದೆ ಕಣ್ಣಾಮುಚ್ಚಾಲೆ ಆಡುವಾಗ ತಮ್ಮನ ಸಪ್ಪಳದಿಂದ ಸಿಕ್ಕಿಬೀಳುತ್ತೇನೆಂದು ಒಂಬತ್ತು ವರ್ಷದ ಹೊನ್ನೂರಮ್ಮನೇ ಅವನ ಗೆಜ್ಜೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದಳು. ಆಟ ಮುಗಿದಾಗ ತಮ್ಮ ಅಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ಆ ಗೆಜ್ಜೆ ಅವಳ ಕುಂಕುಮದ ಡಬ್ಬಿಯ ತಳದಲ್ಲಿ ಮಲಗಿತ್ತು. ಬಾಯಿಬಿಟ್ಟು ಹೇಳಬೇಕೆಂದು ಎಷ್ಟೋ ಸಲ ಸಿರುಗುಪ್ಪದ ಬಸ್ಸು ಹತ್ತಿದ್ದಾಳೆ. ಪ್ರತಿ ಸಲವೂ ಅವ್ವನ ಕೈಯಡುಗೆ ಉಂಡು ಸುಮ್ಮನೆ ಬಂದಿದ್ದಾಳೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಮಗಳಿಗೆ ಗೆಜ್ಜೆಯ ಅಗತ್ಯ ಬಿದ್ದಿರಲಿಲ್ಲ. ಅಲ್ಲಿ ನಲ್ಲಿಯಲ್ಲಿ ನೀರು ಬಂದರೇ ಹಬ್ಬ. ಹಡಗು ಹತ್ತುವ ದಿನ ಮಾತ್ರ ಅವಳು ಡಬ್ಬಿಯ ತಳಕ್ಕೆ ಕೈಹಾಕಿದಳು. ಹೊಸ ಕರಿದಾರಕ್ಕೆ ಆ ಗೆಜ್ಜೆ ಪೋಣಿಸಿ, ಮಗಳ ಫ್ರಾಕಿನ ಮೇಲೆಯೇ ಸೊಂಟಕ್ಕೆ ಸುತ್ತಿ ಮೂರು ಗಂಟು ಹಾಕಿದಳು.

"ಇದು ಯಾಕಮ್ಮ?" ಅನುಷಾ ಕೇಳಿದಳು.

"ಇದು ಇದ್ದೋರು ನೀರಾಗ ಬೀಳಾಂಗಿಲ್ಲ. ತೆಗೀಬ್ಯಾಡ ಮತ್ತ."

ಬಂದರಿನ ತಪಾಸಣೆಯಲ್ಲಿ ಯಂತ್ರ ಕುಂಯ್ ಎಂದಿತು. ಗಾದೆಪ್ಪ ನಾಚಿಕೆಯಿಂದ, "ಬಿಚ್ಚಿಬಿಡು, ಊರ ಮಂದಿ ನೋಡಾಕತ್ತಾರ" ಎಂದ. ಹೊನ್ನೂರಮ್ಮ ಅವನನ್ನು ಎಂಥಾ ನೋಟ ನೋಡಿದಳೆಂದರೆ, ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಹಡಗು ಹಡಗಿನ ಹಾಗಿರಲಿಲ್ಲ, ನೀರಿನ ಮೇಲಿಟ್ಟ ಮದುವೆ ಛತ್ರದ ಹಾಗಿತ್ತು. ಎರ್ರೆಪ್ಪ ಬೆಳಿಗ್ಗೆ ಊಟದ ಕೋಣೆಯಲ್ಲಿ ಹತ್ತಾರು ಬಗೆಯ ತಿಂಡಿಗಳ ಮುಂದೆ ನಿಂತು ತನ್ನೂರಿನ ಮಂಡಾಳು ಒಗ್ಗರಣೆ, ಮಿರ್ಚಿ ಇಲ್ಲವೇ ಎಂದು ತೆಲುಗಿನಲ್ಲೂ ಕೇಳಿ ನೋಡಿದ, ಉರ್ದುವಿನಲ್ಲೂ ಕೇಳಿ ನೋಡಿದ. ಕೊನೆಗೆ ಬ್ರೆಡ್ಡು ತಿಂದು ಕಂಪನಿಯವರನ್ನು ಬೈದ. ಹೊನ್ನೂರಮ್ಮನಿಗೆ ತಿಂಡಿಯೂ ಬೇಡ, ತೀರ್ಥವೂ ಬೇಡ. ತಮ್ಮ ಕೋಣೆಯ ಕಿಟಕಿಯ ಪರದೆ ಎಳೆದಿಟ್ಟು, ಮಗಳ ಗೆಜ್ಜೆಗೆ ಕಿವಿಗೊಟ್ಟು ಕೂತಳು. ಸಮುದ್ರದ ಕಡೆ ಒಮ್ಮೆಯೂ ಕಣ್ಣೆತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವಳಿಗೆ ತಲೆ ತಿರುಗಿ ಹೊಟ್ಟೆ ತೊಳೆಸಿತು. ಗಾದೆಪ್ಪ ಔಷಧಿ ತರಲು ಹೋದ. ಎರ್ರೆಪ್ಪ ಮೊಮ್ಮಗಳ ಕೈಹಿಡಿದು, "ನೀ ಅಡ್ಡಾಗಬೇ. ನಾ ಅದೀನಿ" ಎಂದು ಈಜುಕೊಳವಿದ್ದ ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋದ. ಗೆಜ್ಜೆಯ ಸಪ್ಪಳ ದೂರವಾಗಿ ನಿಂತುಹೋಯಿತು. ಹೊನ್ನೂರಮ್ಮ ಹಾಸಿಗೆಯಲ್ಲಿ ಸ್ವಲ್ಪ ಹೊತ್ತು ಹೊರಳಾಡಿದಳು, ತಡೆಯಲಾಗಲಿಲ್ಲ. ಗೋಡೆ ಹಿಡಿದು ಮೆಟ್ಟಿಲು ಹತ್ತಿ ಹೋದಳು.

ಮೇಲೆ ಬಿಸಿಲು. ಮಾವ ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಮಗು ಪಕ್ಕದಲ್ಲಿರಲಿಲ್ಲ. ಅವಳು ಸುತ್ತ ನೋಡಿದಳು. ಅಷ್ಟರಲ್ಲೇ ಗೋಡೆಯ ತಿರುವಿನಾಚೆಯಿಂದ ಕೇಳಿಸಿತು: ಘಲ್, ಘಲ್. ಅದೇ ಗೆಜ್ಜೆ. ಆಡುತ್ತಿದ್ದಾಳೆ ಎಂದುಕೊಂಡಳು. ಗಾಳಿ ತಣ್ಣಗಿತ್ತು, ಹೊಟ್ಟೆಗೆ ಹಿತವೆನಿಸಿತು. ಮಾವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಘಲ್ ಘಲ್ ಎನ್ನುತ್ತಲೇ ಇತ್ತು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಅಷ್ಟು ನೀರನ್ನು ಕಣ್ಣು ತುಂಬ ನೋಡಿದಳು. ಚೆಂದವಿದೆ ಎಂದು ಕೂಡ ಅನ್ನಿಸಿತು. ಹಾಗೆ ಹತ್ತು ನಿಮಿಷ ಕಳೆದಿರಬೇಕು.

ಆಮೇಲೆ, "ಅನೂ, ಬಾರಬೇ, ಹಾಲು ಕುಡಿಯೋಣ" ಎನ್ನುತ್ತ ತಿರುವು ದಾಟಿದಳು.

ಅಲ್ಲಿ ಯಾರೂ ಇರಲಿಲ್ಲ. ಹಡಗಿನಂಚಿನ ಕಟಾಂಜನದ ಮೇಲಿನ ಒಂದು ಕೊಂಡಿಗೆ ಕರಿಯ ಉಡಿದಾರ ನೇತುಬಿದ್ದಿತ್ತು. ಗಾಳಿಗೆ ಗೆಜ್ಜೆ ತಾನೇ ತಾನಾಗಿ ಆಡುತ್ತಿತ್ತು. ಅದರ ಕೆಳಗೆ, ಕಟಾಂಜನಕ್ಕೆ ತಾಗಿ ಒಂದು ಕುರ್ಚಿ. ಮಗುವಿನ ಒಂದು ಚಪ್ಪಲಿ ಕುರ್ಚಿಯ ಮೇಲಿತ್ತು.

ಹೊನ್ನೂರಮ್ಮ ಓಡಿ ಕಟಾಂಜನ ಹಿಡಿದಳು. ಬಗ್ಗಿ ನೋಡಿದಳು. ಎಷ್ಟೋ ಕೆಳಗೆ ನೀರು ಬಿಳಿಯಾಗಿ ಕುದಿಯುತ್ತ ಹಿಂದಕ್ಕೆ ಓಡುತ್ತಿತ್ತು. ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಹಡಗು ಎಷ್ಟು ದೂರ ಬಂದಿರುತ್ತದೆ? ಬಿದ್ದ ಸಪ್ಪಳವನ್ನೂ ಈ ಗೆಜ್ಜೆ ಮುಚ್ಚಿಹಾಕಿತೇ? ಒಮ್ಮೆ ತಮ್ಮನನ್ನು ತಿಂದದ್ದು ಸಾಲದೆಂದು ಡಬ್ಬಿಯಿಂದ ತೆಗೆದು ಮಗಳಿಗೆ ತಾನೇ ಕಟ್ಟಿದೆನಲ್ಲ! ಆಗ ಅವಳ ಗಂಟಲಿನಿಂದ ಬಂದ ದನಿಗೆ ಎರ್ರೆಪ್ಪ ಎಚ್ಚೆತ್ತ, ಔಷಧಿ ಹಿಡಿದು ಬರುತ್ತಿದ್ದ ಗಾದೆಪ್ಪ ಓಡಿ ಬಂದ, ಬಿಳಿ ಬಟ್ಟೆಯ ಸಿಬ್ಬಂದಿ ಓಡಿ ಬಂದರು.

ಕುರ್ಚಿ, ಚಪ್ಪಲಿ ನೋಡಿದ ಗಾದೆಪ್ಪ ಮಗಳ ಹೆಸರು ಕೂಗುತ್ತ ಡೆಕ್ಕೆಲ್ಲ ಹುಡುಕಲು ಓಡಿದ. ಸಿಬ್ಬಂದಿಯೊಬ್ಬ ಫೋನಿನಲ್ಲಿ ಏನೋ ಜೋರಾಗಿ ಹೇಳಿದ. ಸೀಟಿ ಮೊಳಗಿತು. ಹಡಗಿನ ಎಲ್ಲ ಮೂಲೆಗಳಲ್ಲಿ ಒಂದು ಹೆಂಗಸಿನ ದನಿ ಅನುಷಾಳ ಹೆಸರು ಹೇಳತೊಡಗಿತು. ಹಡಗು ವೇಗ ತಗ್ಗಿಸಿದ್ದು ಕಾಲಡಿಗೇ ತಿಳಿಯಿತು. ಅದು ತಿಳಿದಾಗ ಹೊನ್ನೂರಮ್ಮನಿಗೆ ಇದ್ದೊಂದು ಆಸೆಯೂ ಹೋಯಿತು. ಇವರೂ ನೀರಿನಲ್ಲೇ ಹುಡುಕುತ್ತಾರೆ.

ಎರ್ರೆಪ್ಪ ಎರಡೂ ಕೈಯಿಂದ ತಲೆ ಬಡಿದುಕೊಳ್ಳುತ್ತಿದ್ದ. "ನಾ ಅದೀನಿ ಅಂದಿದ್ದೆನಲ್ಲವ್ವಾ! ಕಣ್ಣು ಮುಚ್ಚಿಬಿಟ್ಟೆ. ನನ್ನ ಕೂಸನ್ನ ನಾನ ಕೊಂದೆ!"

ಆ ಅಳು ಹೊನ್ನೂರಮ್ಮನಿಗೆ ಹೊಸದಲ್ಲ. ಕಾಲುವೆಯ ದಂಡೆಯ ಮೇಲೆ ಅವ್ವ ಹೀಗೆಯೇ ಅತ್ತಿದ್ದಳು: "ನನ್ನ ಕೈ ಸಡಿಲಾತು, ನನ್ನ ಕೈ ಸಡಿಲಾತು." ಪಕ್ಕದಲ್ಲಿ ಮುಷ್ಟಿ ಬಿಗಿಹಿಡಿದು ತಾನು ನಿಂತಿದ್ದಳು.

"ಸಿಕ್ಕಳು!"

ಗಾದೆಪ್ಪನ ದನಿ. ಈಜುಕೊಳದ ಪಕ್ಕದ ದೊಡ್ಡ ಟವೆಲ್ ಬುಟ್ಟಿಯೊಳಗಿಂದ ಅವನು ಮಗಳನ್ನು ಎತ್ತಿಕೊಳ್ಳುತ್ತಿದ್ದ. ಬೆಚ್ಚನೆಯ ಟವೆಲ್ಲುಗಳ ನಡುವೆ ನಿದ್ದೆ ಹೋಗಿದ್ದವಳು ಇಷ್ಟು ಜನರನ್ನು ಕಂಡು ಅಳಲು ಶುರುಮಾಡಿದಳು. ಹೊನ್ನೂರಮ್ಮ ಅವಳ ತಲೆ, ತೋಳು, ಪಾದ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಒಂದು ಏಟು ಕೊಟ್ಟಳು. ಕೊಟ್ಟ ಕೈಯಿಂದಲೇ ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ತೆಗೀಬ್ಯಾಡ ಅಂದಿದ್ದಿಲ್ಲೇನು? ಯಾಕ ತೆಗೆದಿ?"

ಅನುಷಾ ಬಿಕ್ಕುತ್ತಲೇ ಹೇಳಿದಳು: "ಹಡಗು ಮುಳುಗತೈತಿ ಅಂತ ತಾತ ಹೇಳಿದ್ದ. ಗೆಜ್ಜಿ ಇದ್ದೋರು ಬೀಳಾಂಗಿಲ್ಲ ಅಂತ ನೀ ಹೇಳಿದ್ದಿ. ಅದಕ್ಕ ಹಡಗಿಗೆ ಹಾಕಿದೆ."

ಸಿಬ್ಬಂದಿಯವನು ಉಡಿದಾರವನ್ನು ಕೊಂಡಿಯಿಂದ ತೆಗೆದು ತಂದುಕೊಟ್ಟ. ಹೊನ್ನೂರಮ್ಮ ನೋಡಿದಳು. ಮೂರು ಗಂಟೂ ಹಾಗೇ ಇದ್ದವು. ಮಗು ಗಂಟು ಬಿಚ್ಚಿರಲೇ ಇಲ್ಲ, ಚಡ್ಡಿ ಜಾರಿಸಿದಂತೆ ಕಾಲಿನಿಂದ ಜಾರಿಸಿ ತೆಗೆದಿತ್ತು.

ಎರ್ರೆಪ್ಪ ಇನ್ನೂ ಮೂಲೆಯಲ್ಲಿ ತಲೆ ಹಿಡಿದು ಕುಳಿತಿದ್ದ. "ಇನ್ನ ನನ್ನ ಕೈಯಾಗ ಕೂಸು ಕೊಡಬ್ಯಾಡಬೇ. ನನಗ ಯೋಗ್ಯತಿ ಇಲ್ಲ" ಎಂದ. ಹೊನ್ನೂರಮ್ಮ ಮಗಳನ್ನು ತಂದು ಅವನ ತೊಡೆಯ ಮೇಲೆಯೇ ಕೂಡಿಸಿದಳು.

"ಹಂಗನಬ್ಯಾಡ್ರಿ ಮಾವ. ನೀವು ಮಲಗಿದ್ರಿ. ನಾನು ಎಚ್ಚರ ಇದ್ದು ಗೆಜ್ಜಿ ಕೇಳ್ಕೋತ ಕುಂತಿದ್ದೆ" ಎಂದಳು. ಅಷ್ಟೇ ಹೇಳಲು ಸಾಧ್ಯವಾಯಿತು. ಉಳಿದದ್ದನ್ನು ಕೇಳಬೇಕಾದ ಅವ್ವ ಅಲ್ಲಿರಲಿಲ್ಲ.

ಮುಂಬೈಯಿಂದ ರೈಲು ಬಳ್ಳಾರಿಗೆ ಬಂದಾಗ ಬೆಳಗಾಗಿತ್ತು. ಮಗಳನ್ನು ಅಜ್ಜ, ಅಪ್ಪನೊಂದಿಗೆ ಮನೆಗೆ ಕಳಿಸಿ ಹೊನ್ನೂರಮ್ಮ ಒಬ್ಬಳೇ ಸಿರುಗುಪ್ಪದ ಬಸ್ಸು ಹತ್ತಿದಳು. ತೆಕ್ಕಲಕೋಟೆ ದಾಟುವಾಗ ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ಸಮುದ್ರದ ಮೇಲೆ ಹೆದರಿದ್ದು ಒಂದು ತೂಕವಾದರೆ ಇದೇ ಒಂದು ತೂಕ. ಅವ್ವ ಇನ್ನು ಮುಖ ನೋಡದಿದ್ದರೆ? ಆದರೂ ಇಳಿಯಲಿಲ್ಲ.

ಅವ್ವ ಅಂಗಳದಲ್ಲಿ ಅಕ್ಕಿ ಚೀಲದ ಬಾಯಿ ಕಟ್ಟುತ್ತಿದ್ದಳು. "ಬಾರಬೇ! ಹಡಗು ಹೆಂಗಿತ್ತು?" ಎಂದಳು. ಎರಡು ಗಂಟು ಆಗಿತ್ತು, ಮೂರನೆಯದಕ್ಕೆ ದಾರ ಸುತ್ತುತ್ತಿದ್ದಳು. ಹೊನ್ನೂರಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಆ ಕೈ ಹಿಡಿದು ನಿಲ್ಲಿಸಿದಳು. ಅಂಗೈಯಲ್ಲಿ ಗೆಜ್ಜೆ ಇಟ್ಟಳು.

"ನಿನ್ನ ಗಂಟು ಸಡಿಲಿದ್ದಿಲ್ಲವ್ವ" ಎಂದಳು. "ಆಟಕ್ಕಂತ ನಾನ ಬಿಚ್ಚಿದ್ದೆ."

ಅವ್ವ ಗೆಜ್ಜೆಯನ್ನು ನೋಡುತ್ತಲೇ ಇದ್ದಳು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. ಹೊನ್ನೂರಮ್ಮ ಹೊಡೆತಕ್ಕೆ ಕಾದವಳಂತೆ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ, ಬೈಗುಳವೂ ಬರಲಿಲ್ಲ. ಅವ್ವ ಕೇಳಿದ್ದು ಒಂದೇ ಮಾತು.

"ಬಿಚ್ಚುವಾಗ ಅವ ಅಳತಿದ್ದನೇನು?"

"ಇಲ್ಲವ್ವ. ನಗತಿದ್ದ."

ಅವ್ವ ತಲೆಯಾಡಿಸಿದಳು. ಚೀಲದ ದಾರವನ್ನು ಎರಡೇ ಗಂಟಿಗೆ ಬಿಟ್ಟು, ಮಗಳಿಗೆ ನೀರು ತರಲು ಒಳಗೆ ಎದ್ದುಹೋದಳು.