ಗೂಡ್ಸ್ ಗಾಡಿಯ ಯಶೋಧರಾ ಮೇಡಂ

ಯಶೋಧರಾ ಮೇಡಂ ನಡೆಯುವಾಗ ಎಡಗಾಲು ದಾರಿಯ ಕಡೆಗಿದ್ದರೆ ಬಲಗಾಲು ಹಳಿಯ ಕಡೆಗಿರುತ್ತದೆ. ಸಂತೆಯಲ್ಲಿ ನಿಂತಿದ್ದಾಗ ದೂರದಲ್ಲೊಂದು ಹಾರ್ನ್ ಕೇಳಿಸಿತೋ, ಬದನೆಕಾಯಿ ತಕ್ಕಡಿಯಲ್ಲೇ ಉಳಿಯುತ್ತದೆ, ಮೇಡಂ ಉಳಿಯುವುದಿಲ್ಲ. ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ರೈಲು ಬಿಡುವವರಿಗೆ ಬರವಿಲ್ಲ, ಆ ಪೈಕಿ ನಾನೂ ಒಬ್ಬ; ರೈಲು ಹಿಡಿಯುವವರು, ಅದೂ ಕ್ಯಾಮೆರಾದಲ್ಲಿ, ಇವರೊಬ್ಬರೇ.

ಕೂಡ್ಲಿಗಿಯಲ್ಲಿ ಹುಟ್ಟಿ ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈಕೆ, ಶಾಲೆ ಬಿಟ್ಟೊಡನೆ ಪ್ರಯೋಗಶಾಲೆಯ ಕೋಟಿನಲ್ಲೇ ಬಂದು, ಉಕ್ಕಿನ ಕಾರ್ಖಾನೆಗೆ ಹಳಿ ಕವಲೊಡೆಯುವ ಗೇಟಿನ ಬಳಿ ನಿಲ್ಲುತ್ತಾರೆ. ಆ ಕೋಟು ಒಂದು ಕಾಲಕ್ಕೆ ಶ್ವೇತವರ್ಣದ್ದಾಗಿತ್ತೆಂಬುದಕ್ಕೆ ಅವರ ಮಾತೇ ಸಾಕ್ಷಿ. ಅದಿರಿನ ಕೆಂಪು ಧೂಳು ಕುಡಿದು ಅದು ಸನ್ಯಾಸ ಸ್ವೀಕರಿಸಿ ಬಹಳ ಕಾಲವಾಯಿತು. ಕ್ಯಾಮೆರಾ ಕಣ್ಣಿಗೊತ್ತಿದರೆಂದರೆ, ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪ್ರಾರ್ಥನೆಯಲ್ಲೂ ಅಷ್ಟು ನಿಶ್ಚಲರಾಗಿರಲಿಲ್ಲ. ಪಕ್ಕದವರು ಬಾಯಿ ತೆರೆದರೆ ಒಂದೇ ಉತ್ತರ: "ತಡೀರಿ, ಇನ್ನೂ ಬಾಲ ಬಂದಿಲ್ಲ."

ಗಾಡಿಗಳ ಬಾಲಗಳು ವರ್ಷದಿಂದ ವರ್ಷಕ್ಕೆ ಮೊಟಕಾಗುತ್ತಿದ್ದವು. ಕುಲುಮೆಗಳು ಒಂದೊಂದಾಗಿ ಆರಿ, ಕವಲು ಹಳಿಯ ನಡುವೆ ಜಾಲಿ ಬೆಳೆದು, ಕೊನೆಗೆ ಕಾರ್ಖಾನೆಯ ಗಿಡ್ಡ ಇಂಜಿನ್ನೊಂದು ನಾಲ್ಕಾರು ವ್ಯಾಗನ್ನುಗಳನ್ನು ಎಳೆದುಕೊಂಡು ನಿವೃತ್ತ ಮೇಷ್ಟರ ವಾಯುವಿಹಾರದಂತೆ ಹೋಗಿಬರುತ್ತಿತ್ತು. ಅದರ ಡ್ರೈವರ್ ಬೊಮ್ಮಪ್ಪ. ಮೇಡಂ ಚಿತ್ರದಲ್ಲಿ ಮನುಷ್ಯರಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ತಿಳಿದಿದ್ದರಿಂದ, ಗೇಟಿನ ಬಳಿ ಕೆಂಪು ಕೋಟು ಕಂಡರೆ ಸಾಕು, ಅವರು ತಲೆ ತಗ್ಗಿಸಿ ಕಿಟಕಿಯ ಕೆಳಗೆ ಅಡಗುತ್ತಿದ್ದರು. ಅಷ್ಟು ದೂರ ಇಂಜಿನ್ನೇ ತನ್ನ ದಾರಿ ನೋಡಿಕೊಳ್ಳುತ್ತಿತ್ತು.

"ಏನ್ರಿ ಮೇಡಂ, ನನ್ನ ಮಾರಿ ಅಷ್ಟು ಕೆಟ್ಟೈತೇನು?"

"ಮಾರಿ ಚಲೋ ಐತ್ರಿ. ಕ್ಯಾಮೆರಾ ಕಂಡ್ರ ಹಲ್ಲು ಕಿಸೀತೀರಲ್ಲ, ಅದ ತ್ರಾಸು. ಇಂಜಿನ್ ಎಂದಾರ ನಕ್ಕೈತೇನು?"

ಕಳೆದ ಚಳಿಗಾಲದಲ್ಲಿ ಕಡೆಯ ಕುಲುಮೆಯೂ ಆರಿ, ಇಂಜಿನ್ನು ಗುಜರಿಗೆ ಹೋಗುವುದೆಂದು ನಿಶ್ಚಯವಾಯಿತು. ಬೊಮ್ಮಪ್ಪ ಗೇಟಿಗೆ ಬಂದು, ಟವೆಲ್ಲಿನಲ್ಲಿ ಕೈ ಒರೆಸುತ್ತ, "ನಾಳಿ ಕಡೀ ಟ್ರಿಪ್ಪು ಮೇಡಂ. ಇಂಜಿನ್ನಿನಾಗ ಕುಂತಿದ್ದು ನಂದೊಂದು ಫೋಟೋ ಇಲ್ರಿ. ಮೊಮ್ಮಕ್ಕಳಿಗೆ ಏನ್ ತೋರಿಸ್ಲಿ?" ಎಂದರು. ಮೇಡಂ ಕಟ್ಟಳೆ ಸಡಿಲಿಸಿದರು. "ಆತ್ರಿ. ನಾಳಿ ನೀವೂ ಇರ್ರಿ. ಬೇಕಾದ್ರ ನಗ್ರಿ."

ಮರುದಿನ ನಾನೂ ಹೋಗಿದ್ದೆ. ಮೂತಿಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ ತೊಟ್ಟು ಇಂಜಿನ್ ಬಂತು. ಹೊಸ ಅಂಗಿ, ಕಪ್ಪು ಬಳಿದ ಮೀಸೆ, ಕಿಟಕಿಗೆ ಮೊಣಕೈಯೂರಿದ ಬೊಮ್ಮಪ್ಪ ದೂರದಿಂದಲೇ ರಾಜಠೀವಿಯಲ್ಲಿ ಕಂಡರು. ಮೇಡಂ ಕ್ಯಾಮೆರಾ ಎತ್ತಿದರು. ಕೋಟು ಕಂಡದ್ದೇ ತಡ, ಬೊಮ್ಮಪ್ಪನವರ ತಲೆ ತಾನಾಗಿ ಕೆಳಗಿಳಿಯಿತು.

"ತಲಿ ಎತ್ರೀ!" ಎಂದು ಮೇಡಂ ಕೂಗಿದ್ದು ಹಾರ್ನಿನಲ್ಲಿ ಕರಗಿತು. ಖಾಲಿ ಕಿಟಕಿ ಹಾದುಹೋಗಿ, ಕಾರ್ಖಾನೆಯ ಬಾಗಿಲು ಮುಚ್ಚಿತು. ಒಳಗೆ ಕ್ಯಾಮೆರಾಕ್ಕೆ ಅನುಮತಿಯಿಲ್ಲ.

ಸಂಜೆ ಬೊಮ್ಮಪ್ಪ ಟಿಫನ್ ಡಬ್ಬಿ ಹಿಡಿದು ನಡೆದುಬಂದರು. ಮೇಡಂ ಕ್ಯಾಮೆರಾದಲ್ಲಿ ಖಾಲಿ ಕಿಟಕಿಯ ಚಿತ್ರ ತೋರಿಸಿದರು. ಅವರು ಅದನ್ನು ದಿಟ್ಟಿಸಿ, "ಥೂ ಇದರ, ನನ್ನ ಕುತ್ತಿಗಿ ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮಾತು ಕೇಳ್ತೈತಿ ನೋಡ್ರಿ!" ಎಂದು ನಕ್ಕರು.

"ಇಲ್ಲೇ ನಿಂದ್ರಿ, ಈಗ ಹಿಡೀತೀನಿ," ಎಂದು ಮೇಡಂ ಮತ್ತೆ ಕ್ಯಾಮೆರಾ ಎತ್ತಿದರು.

"ಬ್ಯಾಡ ಬಿಡ್ರಿ. ಇಂಜಿನ್ ಇಲ್ದ ನನ್ನ ಫೋಟೋ ಆಧಾರ್ ಕಾರ್ಡಿನಾಗ ಐತಿ. ಇದನ್ನ ಕೊಡ್ರಿ, ಒಳಗ ಅದೀನಿ ಅಂತ ಹೇಳ್ತೀನಿ. ನಮ್ಮ ಮನಿಯಾಕಿ ಉಚ್ಚಂಗೆಮ್ಮ ನಂಬಂಗಿಲ್ಲ, ಮೊಮ್ಮಕ್ಕಳು ನಂಬ್ತಾವ."

ಚಿತ್ರಗಳ ಕೆಳಗೆ ಇಂಜಿನ್ನಿನ ನಂಬರು ಮಾತ್ರ ಬರೆಯುತ್ತಿದ್ದ ಮೇಡಂ, ಅದನ್ನು ಪ್ರಿಂಟು ಹಾಕಿಸಿ, ಆ ಖಾಲಿ ಕಿಟಕಿಯ ಕೆಳಗೆ 'ಬೊಮ್ಮಪ್ಪ' ಎಂದಷ್ಟೇ ಬರೆದು ಕೊಟ್ಟರು.

ಮುಗಿದುಹೋಗುವುದರ ಮುಂದೆ ನಿಂತು ಅದನ್ನು ಉಳಿಸಿಕೊಳ್ಳಲು ಹೆಣಗುವವರ ತಾಳ್ಮೆ ಅಪಾರ, ನೇಮ ಕಠಿಣ. ತಮ್ಮ ಪ್ರೀತಿಯೆಲ್ಲ ಯಂತ್ರದ ಮೇಲೆಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಒಳಗಿರುವ ಮನುಷ್ಯನೂ ಅವರ ಮೇಲಿನ ಗೌರವಕ್ಕೆ ಬಗ್ಗಿ ಕುಳಿತು, ಆ ನಂಬಿಕೆ ಕೆಡದಂತೆ ನೋಡಿಕೊಳ್ಳುತ್ತಾನೆ. ಅವನ ಮುಖವನ್ನು ಹುಡುಕುವ ಹೊತ್ತಿಗೆ ಗಾಡಿ ದಾಟಿರುತ್ತದೆ.